ತಾಡಪತ್ರಿ ಬಿಚ್ಚಿದ ಬೇಸಿಗೆ

ಹಿರಿಯ ಮಗ ಶೇಖರನ ಮದುವೆಯ ಹಂದರ ಬಿಚ್ಚಿದ ಮರುದಿನ ಮಾನಮ್ಮ ಮನೆಯ ಮುಂದೆ ನಿಂತು ಒಮ್ಮೆ ಮೇಲೆ ನೋಡಿದಳು, ಒಮ್ಮೆ ಗಂಡನ ಮುಖ ನೋಡಿದಳು. ವಾರವೆಲ್ಲ ತಂಪಾಗಿದ್ದ ಅಂಗಳ ಒಂದೇ ಬೆಳಗಿಗೆ ಕಾದ ಹೆಂಚಿನಂತಾಗಿತ್ತು.

"ಮನಿ ಬೋಳ್‌ಬೋಳು ಕಾಣಾಕತ್ತದ," ಅಂದಳು.

ಗಂಡ ತಾಯಣ್ಣ ಆಗ ರಾಯಚೂರಿನ ಕಾಳಿನ ಮಾರುಕಟ್ಟೆ ಗಂಜಿನಲ್ಲಿ ಚೀಲ ಹೊರುವ ಹಮಾಲಿ. ಅಂದು ಸಂಜೆ ಬರುವಾಗ ಲಾರಿಯವರು ಸರಕಿನ ಮೇಲೆ ಹೊದಿಸಿ ಬೇಡವೆಂದು ಬಿಟ್ಟ ಹಳೆಯ ತಾಡಪತ್ರಿಯೊಂದನ್ನು ಹೆಗಲ ಮೇಲೆ ಹೊತ್ತು ತಂದ. ಎರಡು ಮೂಲೆಗಳನ್ನು ಮನೆಯ ಗೋಡೆಗೆ ಕಟ್ಟಿದ, ಇನ್ನೆರಡನ್ನು ಗಟಾರದ ಆಚೆ ನೆಟ್ಟ ಬಿದಿರಿಗೆ ಬಿಗಿದ. "ಬ್ಯಾಸಗಿ ಮುಗಿಯೋತನ ಇರ್ಲಿ," ಅಂದ.

ಬೇಸಿಗೆ ಮುಗಿಯಿತು. ಮಳೆ ಬಂತು, ಮಳೆಗೂ ಅದು ಬೇಕಾಯಿತು. ಮುಂದೆ ಶೇಖರನಿಗೆ ಮಗಳು ಹುಟ್ಟಿದಳು, ಕೂಸಿನ ತೊಟ್ಟಿಲು ಅದರ ಕೆಳಗೇ ಬಂತು. ಕಂದು ತಾಡಪತ್ರಿ ಹರಿದು ನೀಲಿಯದು ಬಂತು, ಬಿದಿರು ಹೋಗಿ ಕಬ್ಬಿಣದ ಕಂಬ ಬಂದವು. ಮನೆ ಎಂದರೆ ಎರಡು ಕೋಣೆ, ಒಂದು ಅಡುಗೆಮನೆ, ಮಾಳಿಗೆಗೆ ಹತ್ತುವ ಕಿರಿದಾದ ಮೆಟ್ಟಿಲು, ಅಷ್ಟೇ. ಒಂದು ಕೋಣೆ ಶೇಖರನದು, ಇನ್ನೊಂದು ತಮ್ಮ ಹುಸೇನಪ್ಪನದು. ಮುದುಕರಿಬ್ಬರು ಮಲಗುವ ಹೊರಸು ತಾಡಪತ್ರಿಯ ಕೆಳಗೆ. ನಿಜವಾದ ಬದುಕು ನಡೆಯುತ್ತಿದ್ದುದೂ ಅಲ್ಲಿಯೇ.

ಕಿರಿ ಸೊಸೆ ನಾಗವೇಣಿ ಬೆಳಕು ಹರಿಯುವ ಮುಂಚೆಯೇ ಅಲ್ಲಿ ಕಟ್ಟಿಗೆ ಒಲೆ ಹೊತ್ತಿಸಿ ಖಾನಾವಳಿಗೆ ಕೊಡುವ ಜೋಳದ ರೊಟ್ಟಿ ಬಡಿಯುತ್ತಿದ್ದಳು. ದೇವದುರ್ಗ ತಾಲೂಕಿನ ಗಬ್ಬೂರಿನಲ್ಲಿ ಮಾಸ್ತರನಾಗಿದ್ದ ಶೇಖರ ಬಸ್ಸಿಗೆ ಹೋಗುವ ಮುನ್ನ ಅಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಹುಸೇನಪ್ಪ ತನ್ನ ಆಟೋದ ಟೈರು ಬಿಚ್ಚುತ್ತಿದ್ದುದು, ಶೇಖರನ ಮಗಳು ವಿಶಾಖಾ ಮೊದಲ ಅಕ್ಷರ ತಿದ್ದಿದ್ದು, ಹಿರಿ ಸೊಸೆ ವಿಜಯಲಕ್ಷ್ಮಿ ಶಾವಿಗೆ ಒಣಹಾಕುತ್ತಿದ್ದುದು ಎಲ್ಲವೂ ಅಲ್ಲೇ. ರಾತ್ರಿ ಊಟಕ್ಕೆ ಎಲ್ಲರೂ ಒಂದೇ ಸಾಲಿನಲ್ಲಿ ಕೂರುತ್ತಿದ್ದರು. ಜಗಳವಾಗುತ್ತಿತ್ತು. ಆದರೆ ಓಣಿಯವರಿಗೆಲ್ಲ ಕೇಳಿಸುತ್ತದೆಂದು ಜಗಳಗಳು ಬೇಗ ಮುಗಿಯುತ್ತಿದ್ದವು.

ಇಳಿಹೊತ್ತಿಗೆ ಎದುರು ಮನೆಯ ಶಹಜಾದಿ ಬೇಗಂ ಬರುತ್ತಿದ್ದಳು. ಅವಳ ಗಂಡ ಮಲಂಗಸಾಬ ಇದ್ದಾಗ ಅವನೂ ಬರುತ್ತಿದ್ದ. ಅವನಿಗೆ ಹೊರಸಿನ ತಲೆದಿಕ್ಕು, ತಾಯಣ್ಣನಿಗೆ ಕಾಲುದಿಕ್ಕು. ಗಂಡಸರು ಗಂಜಿನ ಹಳೆಯ ಮಾತು ತೆಗೆಯುವರು, ಹೆಂಗಸರು ಎಲೆ ಅಡಿಕೆ ಹಾಕಿಕೊಳ್ಳುತ್ತ ಸೊಸೆಯಂದಿರ ಮಾತು ತೆಗೆಯುವರು. ರಂಜಾನಿಗೆ ಆ ಮನೆಯ ಶಾವಿಗೆ ಪಾಯಸ ಸುರಕುಂಬಾ ಈ ನೆರಳಿಗೆ ಬರುತ್ತಿತ್ತು, ಅಂಬೇಡ್ಕರ್ ಜಯಂತಿಗೆ ಈ ಮನೆಯ ಗೋಧಿ ಹುಗ್ಗಿ ಆ ಮನೆಗೆ ಹೋಗುತ್ತಿತ್ತು.

ಈ ವರ್ಷ ಬಿಸಿಲು ಏರುವ ಹೊತ್ತಿಗೆ ಪಾಲಿಕೆಯ ಆಟೋ ಓಣಿಗೆ ಬಂತು. ಅದರ ಮೈಕು ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿತು. ರಸ್ತೆ ಮತ್ತು ಗಟಾರದ ಮೇಲೆ ಚಾಚಿದ ತಾಡಪತ್ರಿ, ತಗಡು, ಚಪ್ಪರಗಳನ್ನು ಮನೆಯವರೇ ತೆಗೆಯಬೇಕು. ಮದುವೆ, ಸಾವಿನಂಥ ಕಾರ್ಯಗಳಿಗೆ ಮಾತ್ರ, ಅದೂ ಅನುಮತಿ ಪಡೆದು, ಮೂರು ದಿನದ ಮಟ್ಟಿಗೆ ಹಾಕಬಹುದು. ತಪ್ಪಿದರೆ ಪಾಲಿಕೆಯವರೇ ಕಿತ್ತು ದಂಡ ಹಾಕುತ್ತಾರೆ.

"ಹಂಗಾರ ಮೂರು ದಿನಕ್ಕೊಬ್ಬರು ಸಾಯಬೇಕಾತು," ಎಂದ ಹುಸೇನಪ್ಪ, ಅಂದಿನ ರಾತ್ರಿ ಊಟಕ್ಕೆ ಕೂತಾಗ.

"ಬಾಯಾಗ ಒಳ್ಳೇದು ಬರ್ಲಿ ಲೇ," ಎಂದು ಮಾನಮ್ಮ ಅವನ ತಾಟಿಗೆ ಹಿಟ್ಟಿನ ಪಲ್ಯ ಹಾಕಿದಳು.

ಶೇಖರ ರೊಟ್ಟಿ ಮುರಿಯುತ್ತ ಹೇಳಿದ, "ಚ್ಯಾಷ್ಟಿ ಸಾಕು. ಈ ವಾರದಾಗ ಬಿಚ್ಚೋಣು. ನೋಟಿಸ್ ಬಂದ್ರ ನನ್ನ ಹೆಸರಿಗೆ ಬರ್ತದ. ನಾ ಸರ್ಕಾರಿ ನೌಕರ. ಮನಿ ನನ್ನ ಹೆಸರಿಲೆ ಅದ."

"ಮನಿ ನಿನ್ನ ಹೆಸರಿಲೆ ಅದ ಅಂಬೋದು ಇವತ್ತು ನೆನಪಾತೇನಣ್ಣ?"

"ಅದಕ್ಕಲ್ಲಲೇ ಅಂದಿದ್ದು."

"ಮತ್ತ್ಯಾದಕ್ಕ? ನಿನಗ ಕೋಣಿ ಅದ, ಫ್ಯಾನ್ ಅದ. ಇವಳು ರೊಟ್ಟಿ ಎಲ್ಲಿ ಬಡೀಬೇಕು? ಅಪ್ಪ ಅವ್ವ ಎಲ್ಲಿ ಮಲಗ್ಬೇಕು? ನಾಳಿ ವಾರ್ಡ್ ಮೆಂಬರ್ ಕಡಿ ಹೋಗಿ ಮಾತಾಡ್ತೀನಿ. ಓಣ್ಯಾಗ ಎಲ್ಲಾರದೂ ಅದ, ನಮ್ಮದೊಂದೇನು?"

"ಮುನ್ಸಿಪಾಲ್ಟಿಯವರು ತಾವಾಗೇ ಬಂದಿಲ್ಲ," ಎಂದಳು ವಿಜಯಲಕ್ಷ್ಮಿ ಮೆಲ್ಲಗೆ. "ಓಣಿಯವರೇ ಅರ್ಜಿ ಕೊಟ್ಟಾರ. ಎದುರು ಮನಿ ಶಾಕಿರ್ ಮುಂದ ನಿಂತು ಸಹಿ ಹಾಕಿಸ್ಯಾನ."

ಶಾಕಿರ್ ಶಹಜಾದಿಯ ಮಗ, ಹುಸೇನಪ್ಪನ ಜೊತೆ ಇದೇ ನೆರಳಲ್ಲಿ ಗೋಲಿ ಆಡಿ ಬೆಳೆದವನು. ತಾಯಣ್ಣ ಊಟ ಮುಗಿಸದೆ ತಾಟಿನಲ್ಲೇ ಕೈ ತೊಳೆದುಕೊಂಡ.

ಮರುದಿನ ಇಳಿಹೊತ್ತಿಗೆ ಮಾನಮ್ಮ ಚಹಾ ಇಟ್ಟಳು. ಶಹಜಾದಿ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಇನ್ನೂ ಕೆಲವು ದಿನ ಕಾದು ನೋಡಿ ಮಾನಮ್ಮ ತಾನೇ ಎದ್ದು ಗಟಾರ ದಾಟಿ ಎದುರು ಮನೆಗೆ ಹೋದಳು. ಶಹಜಾದಿ ಒಳಗೆ ಚಾಪೆಯ ಮೇಲೆ ಕೂತು ಅಕ್ಕಿ ಹಸನು ಮಾಡುತ್ತಿದ್ದಳು. ಮಾನಮ್ಮನನ್ನು ನೋಡಿ ಮೊರ ಪಕ್ಕಕ್ಕಿಟ್ಟು ಸೆರಗು ಸರಿಮಾಡಿಕೊಂಡಳು.

"ಬಾ, ಕುಂದ್ರು," ಅಂದಳು. ಮಾನಮ್ಮ ಚಾಪೆಯ ಅಂಚಿಗೆ ಕೂತಳು.

"ಚಾಕ್ಕ ಯಾಕ ಬರವಲ್ಲಿ?" ಮಾನಮ್ಮ ಕೇಳಿದಳು.

"ಯಾವ ಮಕ ಇಟಗೊಂಡು ಬರ್ಲಿ? ಶಾಕಿರ್‌ಗ ಅರ್ಜಿ ಕೊಡು ಅಂದಾಕಿ ನಾನ."

ಮಾನಮ್ಮ ಅವಳನ್ನೇ ನೋಡಿದಳು.

"ನಮ್ಮ ಮನಿಯವರು ಹೋದ ದಿನ ನೀನೂ ಇದ್ದಿ," ಅಂದಳು ಶಹಜಾದಿ. "ಆಂಬುಲೆನ್ಸ್ ಓಣಿ ಬಾಯಾಗ ನಿಂತಿತ್ತು. ಈ ಕಡಿ ಕಂಬ, ಆ ಕಡಿ ಕಂಬ, ಒಳಗ ಬರಾಕ ಆಗ್ಲಿಲ್ಲ. ತಾಯಣ್ಣ ಕಂಬ ಕೀಳಾಕ ಓಡಿದ. ಪಾಪ, ಅದು ಬರ್ಲಿಲ್ಲ. ಹುಸೇನಪ್ಪ, ಶಾಕಿರ್ ಹೊರಸಿನ ಮ್ಯಾಲ ಹೊತ್ಕೊಂಡು ಹೋದ್ರು. ನೀ ಛತ್ರಿ ಹಿಡಕೊಂಡು ಪಕ್ಕಕ್ಕ ನಡೀತಿದ್ದಿ. ನಾ ಎಲ್ಲಾ ನೋಡೀನಿ. ಯಾರದೂ ತಪ್ಪಿಲ್ಲ, ಕಸೂರ್ ಇಲ್ಲ. ಗಾಡಿ ಬಾಗಿಲಿಗೆ ಬಂದ್ರೂ ಅವರು ಉಳೀತಿದ್ರೋ ಇಲ್ಲೋ, ಅಲ್ಲಾನ ಬಲ್ಲ. ಖರೆ, ಬಂದಿದ್ರ ಅಂತ ದಿನಾ ಅನಸ್ತದ ಮಾನಮ್ಮ."

ಮಾನಮ್ಮನಿಗೆ ಆ ಮಧ್ಯಾಹ್ನದ ಬಿಸಿಲು ನೆನಪಾಯಿತು. ಆ ಮೇಲಿನ ದಿನಗಳೂ ನೆನಪಾದವು. ಮಲಂಗಸಾಬನ ಸಾವಿಗೆ ಬಂದ ಗಂಡಸರು ಜಾಗ ಸಾಲದೆ ಇದೇ ತಾಡಪತ್ರಿಯ ಕೆಳಗೆ ಕೂತಿದ್ದರು. ಅವಳೇ ಅವರಿಗೆಲ್ಲ ನೀರು ಕೊಟ್ಟಿದ್ದಳು.

"ಅದಾಗಿ ಎರಡು ಬ್ಯಾಸಗಿ ಆತು. ನನಗ ಒಂದು ಮಾತು ಹೇಳಬಾರದಿತ್ತೇನು?"

"ನಿನ್ನ ನೆರಳಾಗ ಕುಂತು, ನಿನ್ನ ಚಾ ಕುಡದು, ಇದನ್ನ ತೆಗಿ ಅಂತ ಹ್ಯಾಂಗ ಹೇಳ್ಲಿ ಬೇ?"

ಮಾನಮ್ಮ ಮನೆಗೆ ಬಂದು ಹುಸೇನಪ್ಪ ಬರುವ ತನಕ ಹೊರಸಿನ ಮೇಲೆ ಕೂತಿದ್ದಳು. ಅವನು ಆಟೋ ನಿಲ್ಲಿಸಿ ಇಳಿಯುತ್ತಿದ್ದಂತೆಯೇ ಹೇಳಿದಳು, "ನಾಳಿ ಬೆಳಿಗ್ಗೆ ತಾಡಪತ್ರಿ ಬಿಚ್ಚು."

"ಮೆಂಬರ್ ಕಡಿ ಹೋಗಿದ್ನಿ. ಮಾತಾಡಿ ನೋಡ್ತೀನಿ ಅಂದಾರ."

"ಅವರು ಏನರೆ ಅನ್ಲಿ. ನೀ ಬಿಚ್ಚು."

"ಅಣ್ಣ ಹೇಳಿಕೊಟ್ಟಾನೇನು?"

"ನಾ ಹೇಳಾಕತ್ತೀನಿ."

"ಯಾಕ ಅಂತರೆ ಹೇಳು ಯವ್ವಾ."

ಅವಳು ಹೇಳಲಿಲ್ಲ. ಹೇಳಿದ್ದರೆ ಹುಸೇನಪ್ಪ ಒಪ್ಪುತ್ತಿದ್ದನೇನೋ. ಆದರೆ ಮಲಂಗಸಾಬನ ಹೊರಸಿಗೆ ಹೆಗಲು ಕೊಟ್ಟವನಿಗೆ ಆ ಮಾತು ಹೇಳಲು ಅವಳಿಗೆ ಬಾಯಿ ಬರಲಿಲ್ಲ.

ಬೆಳಿಗ್ಗೆ ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡದೆ ತಾಡಪತ್ರಿ ಇಳಿಸಿದರು. ಕಂಬಗಳನ್ನು ಕಿತ್ತ ಕಡೆ ಎರಡು ಕುಣಿ ಉಳಿದವು. ತಾಯಣ್ಣ ಅವುಗಳಿಗೆ ಮಣ್ಣು ತುಂಬಿ ಕಾಲಿನಿಂದ ತುಳಿದ. ಕೋಣೆಯ ಬಾಗಿಲಲ್ಲಿ ನಿಂತಿದ್ದ ವಿಶಾಖಾ, "ಮನ್ಯಾಗ ಎಷ್ಟು ಬೆಳಕಾತು ನೋಡ್ರಿ!" ಎಂದಳು.

ಅಲ್ಲಿಂದ ಮನೆಯ ರೀತಿಯೇ ಬದಲಾಯಿತು. ಮುದುಕರ ಹಾಸಿಗೆ ಬಾಗಿಲ ಮುಂದಿನ ಕಟ್ಟೆಗೆ ಸರಿಯಿತು. ನಾಗವೇಣಿಯ ಕಟ್ಟಿಗೆ ಒಲೆ ಅಡುಗೆಮನೆಗೆ ಬಂತು. ಹೊಗೆ ಎರಡೂ ಕೋಣೆಗಳಿಗೆ ಹೊಕ್ಕಿತು.

"ನಾಗವೇಣಿ, ಕಣ್ಣು ಬಿಡಾಕ ಆಗವಲ್ದು ಬೇ," ಎಂದು ವಿಜಯಲಕ್ಷ್ಮಿ ಕೆಮ್ಮುತ್ತ ಹೇಳಿದಳು.

"ಖಾನಾವಳಿಯವರು ಗ್ಯಾಸಿನ ಮ್ಯಾಲ ಸುಟ್ಟ ರೊಟ್ಟಿ ಬ್ಯಾಡ ಅಂತಾರಕ್ಕ. ನಾ ಏನು ಮಾಡ್ಲಿ?"

ನಾಲ್ಕು ದಿನ ಹೀಗೆ ನಡೆಯಿತು. ಆಮೇಲೆ ವಿಜಯಲಕ್ಷ್ಮಿ ಸಣ್ಣ ಗ್ಯಾಸಿನ ಒಲೆಯೊಂದನ್ನು ತನ್ನ ಕೋಣೆಗೇ ತರಿಸಿಕೊಂಡಳು. ಬಿಸಿಲು ತಡೆಯಲಾಗದೆ ಶೇಖರ ಒಂದು ಕೂಲರ್ ತಂದ. ಎರಡು ಒಲೆ ಹೊತ್ತಿದ ಮೇಲೆ ಎರಡು ಊಟವೂ ಆದವು. ಯಾರೂ ಬೇರೆಯಾಗೋಣ ಅನ್ನಲಿಲ್ಲ, ಹಾಗೇ ಆಗಿಹೋಯಿತು.

"ಅತ್ತಿ, ಒಳಗ ಬರ್ರಿ, ತಂಪದ, ಇಲ್ಲೇ ಉಣ್ರಿ," ಎಂದು ವಿಜಯಲಕ್ಷ್ಮಿ ಕರೆಯುವಳು. ಮಾನಮ್ಮ ಹೋಗುವಳು. ತಾಯಣ್ಣನಿಗೆ ನಾಗವೇಣಿಯ ರೊಟ್ಟಿಯೇ ಬೇಕು, ಮೊಮ್ಮಗಳು ಸುಜಾತಾ ತೊಡೆಯ ಮೇಲೆ ಬೇಕು. ಅವನು ಆ ಕೋಣೆಗೆ ಹೋಗುವನು. ಮದುವೆಯಾಗಿ ಬಂದ ದಿನದಿಂದ ಅವನ ತಾಟಿಗೆ ಏನು ಬಿತ್ತೆಂದು ತಿಳಿಯದೆ ಮಾನಮ್ಮ ಕೈ ತೊಳೆದವಳಲ್ಲ. ಈಗ ರಾತ್ರಿ ಬಾಗಿಲ ಮುಂದಿನ ಕಟ್ಟೆಯ ಮೇಲೆ ಇಬ್ಬರೂ ಸಂದರ್ಶಕರಂತೆ ಕೂತು ಕೇಳಿಕೊಳ್ಳುವರು.

"ಏನು ಉಂಡಿ?"

"ಪುಂಡಿಪಲ್ಯ, ರೊಟ್ಟಿ. ನೀ?"

"ಅನ್ನ, ಸಾರು."

"ಮೆಣಸಿನಕಾಯಿ ಚಟ್ನಿ ಇತ್ತೇನು?"

"ಅವರಿಗೆ ಖಾರ ನಡ್ಯಂಗಿಲ್ಲ."

ತಾಯಣ್ಣ ಎದ್ದು ಒಳಗೆ ಹೋಗಿ, ಅಂಗೈಯಲ್ಲಿ ಸ್ವಲ್ಪ ಚಟ್ನಿ ಇಟ್ಟುಕೊಂಡು ಬರುವನು. ಅವಳು ಅದನ್ನು ಬೆರಳಲ್ಲಿ ಒತ್ತಿ ನೆಕ್ಕುವಳು.

ಏಪ್ರಿಲ್ ಮುಗಿಯುತ್ತ ಬಂದ ಒಂದು ಭಾನುವಾರ ವಿಜಯಲಕ್ಷ್ಮಿ ತತ್ತಿ ಸಾರು ಮಾಡಿದ್ದಳು. ಶೇಖರ, ವಿಶಾಖಾ, ಮಾನಮ್ಮ ಉಣ್ಣುತ್ತಿದ್ದರು. ವಾಸನೆ ಹಿಡಿದು ಐದು ವರ್ಷದ ಸುಜಾತಾ ಬಾಗಿಲಿಗೆ ಬಂದು ನಿಂತಿದ್ದಳು. ಅಡುಗೆಮನೆಯಲ್ಲಿದ್ದ ನಾಗವೇಣಿ ಅದನ್ನು ನೋಡಿದಳು. ಕರೆಯಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಕೂಸಿನ ಮುಖಕ್ಕೇ ಬಾಗಿಲು ಮುಚ್ಚಿಕೊಂಡಿತು.

ನಾಗವೇಣಿ ಬಂದು ಆ ಬಾಗಿಲು ದಬ್ಬಿ ತೆರೆದಳು.

"ಒಂದು ತತ್ತಿಗೆ ಕೂಸಿನ ಮ್ಯಾಲ ಬಾಗಿಲು ಹಾಕ್ತೀಯೇನಕ್ಕ?"

ಉಣಬಡಿಸುತ್ತಿದ್ದ ವಿಜಯಲಕ್ಷ್ಮಿ ಸೌಟು ಹಿಡಿದು ನಿಂತಳು. "ಕೂಲರ್ ಹಚ್ಚೀವಿ ಬೇ. ತಂಪು ಹೋಗ್ತದಂತ..."

"ತಂಪು ನಿಮಗ, ಹೊಗಿ ನಮಗ! ಮಾಸ್ತರ್ ಹೆಂಡ್ತಿ ಅಂತ ನಿನಗ ಎಷ್ಟು ಸೊಕ್ಕದ ಅನ್ನೋದು ಇವತ್ತು ಗೊತ್ತಾತು. ನನ್ನ ಮಗಳೇನು ಬೇಡಾಕ ಬಂದಿದ್ಳಾ?"

"ನಾಲಿಗಿ ಹಿಡದು ಮಾತಾಡವ್ವ," ಎಂದ ಶೇಖರ.

ಹುಸೇನಪ್ಪ ಎದ್ದು ಬಂದ. "ನನ್ನ ಹೆಂಡ್ತಿಗೆ ನೀ ಹೇಳಬ್ಯಾಡ."

ನಾಲ್ಕು ಗೋಡೆಗಳ ನಡುವೆ ಆ ಜಗಳ ಬಹಳ ಹೊತ್ತು ನಡೆಯಿತು. ಯಾರ ನೌಕರಿ, ಯಾರ ದುಡಿಮೆ, ಯಾರು ಯಾರ ಮಕ್ಕಳನ್ನು ಬೆಳೆಸಿದ್ದು ಎಲ್ಲವೂ ಹೊರಬಿದ್ದವು. ಮಾನಮ್ಮ ನಡುವೆ ನಿಂತು "ಸಾಕು, ಸಾಕು" ಎನ್ನುತ್ತಲೇ ಇದ್ದಳು. ವಿಜಯಲಕ್ಷ್ಮಿ ಮಾತ್ರ ಆಮೇಲೆ ತುಟಿ ಬಿಚ್ಚಲಿಲ್ಲ. ಅಂದೇ ಮಧ್ಯಾಹ್ನದ ಬಸ್ಸಿಗೆ ನಾಗವೇಣಿ ಮಗಳನ್ನು ಕರೆದುಕೊಂಡು ಮಾನ್ವಿಯ ತವರಿಗೆ ಹೋದಳು.

ಹುಸೇನಪ್ಪ ಮನೆಯಲ್ಲಿ ಉಣ್ಣುವುದನ್ನು ಬಿಟ್ಟ. ಬಸ್‌ಸ್ಟ್ಯಾಂಡಿನ ಹತ್ತಿರ ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿಂದು ಬಂದು ಮಲಗುತ್ತಿದ್ದ. ಖಾನಾವಳಿಯವರು ಬೇರೆಯವರ ಹತ್ತಿರ ರೊಟ್ಟಿ ಹಿಡಿದರು. ತಾಯಣ್ಣನಿಗೆ ಮಾನಮ್ಮ ತಾನೇ ರೊಟ್ಟಿ ಮಾಡಿ ಕೊಟ್ಟಳು. ಅವನು ಅರ್ಧ ತಿಂದು ಬಿಟ್ಟ.

"ನಾ ಮಾಡಿದ್ದು ಸೇರವಲ್ದೇನು?"

"ನಿನ್ನ ರೊಟ್ಟಿಗೇನಾಗ್ಯಾದ? ಸುಜಿ ಇಲ್ದ ತುತ್ತು ಇಳಿಯವಲ್ದು."

ಒಂದು ಸಂಜೆ ಹುಸೇನಪ್ಪ ನಿಂತ ಕಾಲಲ್ಲೇ ಹೇಳಿದ, "ಯವ್ವಾ, ನಾ ಮಾನ್ವಿಗೆ ಹೋಗ್ತೀನಿ. ಆಟೋ ಅಲ್ಲೇ ಓಡಿಸ್ತೀನಿ. ನಾಗವೇಣಿ ತಮ್ಮ ಬಾಡಿಗಿ ಮನಿ ನೋಡಾಕತ್ಯಾನ."

ಮಾನಮ್ಮ ಮರುದಿನ ಬೆಳಿಗ್ಗೆ ಎದ್ದು ಆಧಾರ್ ಕಾರ್ಡನ್ನು ಎಲೆ ಅಡಿಕೆ ಚೀಲಕ್ಕೆ ಹಾಕಿಕೊಂಡಳು. ವಿಶಾಖಾಳನ್ನು ಕರೆದು ಬಸ್‌ಸ್ಟ್ಯಾಂಡಿನ ತನಕ ಬಾ ಎಂದಳು. ಒಬ್ಬಳೇ ಬಸ್ಸು ಹತ್ತಿ ಎಷ್ಟೋ ವರ್ಷವಾಗಿತ್ತು. ಕಲ್ಲೂರು ದಾಟಿದ ಮೇಲೆ ಬಿಸಿಗಾಳಿ ಮುಖಕ್ಕೆ ಹೊಡೆಯತೊಡಗಿತು. ಅವಳು ಸೆರಗನ್ನು ಮೂಗಿಗೆ ಕಟ್ಟಿಕೊಂಡು, ಏನು ಮಾತಾಡಬೇಕೆಂದು ಯೋಚಿಸುತ್ತ ಕೂತಳು. ಮಾನ್ವಿಯಲ್ಲಿ ಇಳಿದಾಗಲೂ ಮಾತು ಕೂಡಿ ಬಂದಿರಲಿಲ್ಲ.

ಬೀಗಿತ್ತಿ ಕಾಲಿಗೆ ನೀರು ಕೊಟ್ಟಳು, ಮಜ್ಜಿಗೆ ಕೊಟ್ಟಳು. ಸುಜಾತಾ ಓಡಿ ಬಂದು ಅಜ್ಜಿಯ ಮಡಿಲಲ್ಲಿ ಬಿದ್ದಳು. ನಾಗವೇಣಿ ದೂರ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು.

"ಮನಿಗೆ ಬಾ ಬೇ," ಎಂದಳು ಮಾನಮ್ಮ.

"ಬರಂಗಿಲ್ಲ ಅತ್ತಿ. ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ. ತಾಡಪತ್ರಿ ಇದ್ದಾಗ ಒಂದ ಬೋಗುಣ್ಯಾಗ ಸಾರು, ಒಂದ ಬುಟ್ಟ್ಯಾಗ ರೊಟ್ಟಿ. ಯಾರ ಕೂಸು ಯಾರ ತಾಟಿನಾಗ ಕೈ ಇಡ್ತಿತ್ತು, ಯಾರಿಗೂ ಗೊತ್ತಾಗ್ತಿದ್ದಿಲ್ಲ. ಅಕ್ಕ ನನ್ನ ಬಾಣಂತನ ಮಾಡಿದಾಕಿ. ಆಕಿನೇ ನನ್ನ ಮಗಳ ಮಕಕ್ಕ ಬಾಗಿಲು ಹಾಕಿದ್ಳು. ಅದನ್ನ ನಾ ಹ್ಯಾಂಗ ಮರೀಲಿ?"

ಮಾನಮ್ಮ ಸುಜಾತಾಳ ತಲೆ ಸವರುತ್ತಿದ್ದ ಕೈ ನಿಲ್ಲಿಸಿದಳು.

"ಅವತ್ತು ನಾ ಎಲ್ಲಿ ಕುಂತಿದ್ದೆ?"

"ನೀವು ಬಾಗಿಲ ಹಂತ್ಯಾಕ ಕುಂತಿದ್ರಿ."

"ಬಾಗಿಲಿಗೆ ಬೆನ್ನು ಮಾಡಿ ಕುಂತಿದ್ದೆ. ಅಕಿ ಒಲಿ ಕಡಿ ಇದ್ದಳು. 'ಅತ್ತಿ, ಬಾಗಿಲು ಮುಂದ ಮಾಡ್ರಿ, ತಂಪು ಹೋಗ್ತದ' ಅಂದ್ಳು. ನಾ ಹಿಂದಕ್ಕ ಕೈ ಚಾಚಿ ದಬ್ಬಿದೆ." ಮಾನಮ್ಮನ ದನಿ ಸಣ್ಣದಾಯಿತು. "ಬಾಗಿಲು ಹಾಕಿದ್ದು ನಾನು ಬೇ. ಹಿಂದ ಕೂಸು ನಿಂತದ ಅಂತ ನಾನೂ ನೋಡ್ಲಿಲ್ಲ, ಅಕಿನೂ ನೋಡ್ಲಿಲ್ಲ."

ನಾಗವೇಣಿಯ ಕೈಯಲ್ಲಿದ್ದ ಬೆಳ್ಳುಳ್ಳಿ ಮೊರಕ್ಕೆ ಬಿತ್ತು.

"ಮತ್ತ ಅವತ್ತೇ ಯಾಕ ಹೇಳಲಿಲ್ಲ?"

"ನೀ ಬಂದು ಒದರಾಕತ್ತಿದಿ. ತತ್ತಿ ಮಾತು, ಸೊಕ್ಕಿನ ಮಾತು. ಯಾವ ಬಾಗಿಲು, ಯಾರು ಹಾಕಿದ್ದು ಅಂತ ನನಗ ಹೊಳೀಲೇ ಇಲ್ಲ. ಈಗ ನೀ ಮಕಕ್ಕ ಹಾಕಿದ್ಳು ಅಂದಾಗ ಗೊತ್ತಾತು."

"ಅಕ್ಕಗ ಗೊತ್ತಿತ್ತಲ್ಲ?"

"ಅಕಿಗೆ ಗೊತ್ತಿತ್ತು," ಎಂದಳು ಮಾನಮ್ಮ.

ಅಷ್ಟೊಂದು ಮಾತು ಬೈಸಿಕೊಂಡರೂ ವಿಜಯಲಕ್ಷ್ಮಿ ಅತ್ತೆಯ ಹೆಸರು ಎತ್ತಿರಲಿಲ್ಲ. ಇಬ್ಬರಿಗೂ ಅದು ಒಮ್ಮೆಲೇ ತಿಳಿಯಿತು. ನಾಗವೇಣಿ ಮೊರ ಎತ್ತಿಕೊಂಡು ಒಳಗೆ ಹೋದಳು. ಬಹಳ ಹೊತ್ತು ಹೊರಗೆ ಬರಲಿಲ್ಲ. ಮಾನಮ್ಮ ಬೀಗಿತ್ತಿಯ ಕೈಯ ಊಟ ಮಾಡಿ, ಸುಜಾತಾಳ ಕೆನ್ನೆ ಮುಟ್ಟಿ, ಬಂದ ದಾರಿಯಲ್ಲೇ ಹೊರಟಳು.

ಮನೆಗೆ ಬರುವಷ್ಟರಲ್ಲಿ ಸಂಜೆಯಾಗಿತ್ತು. ವಿಜಯಲಕ್ಷ್ಮಿ ನೀರಿನ ಕೊಡಗಳನ್ನು ಒಳಗಿಡುತ್ತಿದ್ದಳು. ಮಾನಮ್ಮ ನಿಂತಲ್ಲೇ ಕೇಳಿದಳು.

"ಬಾಗಿಲು ಹಾಕಿದ್ದು ನಾನು ಅಂತ ಅವತ್ತು ಯಾಕ ಹೇಳಲಿಲ್ಲ ಬೇ?"

ವಿಜಯಲಕ್ಷ್ಮಿ ಕೊಡ ಇಳಿಸಿ ಸೆರಗಿನಿಂದ ಕೈ ಒರೆಸಿಕೊಂಡಳು. "ಹಾಕ್ರಿ ಅಂದಾಕಿ ನಾನಲ್ಲೇನ್ರಿ? ನಿಮ್ಮ ಹೆಸರು ಹೇಳಿದ್ರ ಹುಸೇನಪ್ಪ ನಿಮ್ಮ ಮ್ಯಾಲೂ ಸಿಟ್ಟಾಗ್ತಿದ್ದ. ಮನ್ಯಾಗ ಒಬ್ಬರಾದ್ರೂ ಎಲ್ಲಾರ ಕೂಡ ಮಾತಾಡೋರು ಇರ್ಬೇಕಲ್ಲ."

"ನೀ ಎಷ್ಟು ಮಾತು ಬೈಸಿಕೊಂಡಿ!"

"ಬೈಸಿಕೊಂಡೆ. ಸಿಟ್ಟೂ ಬಂದದ. ಅದೇನು ಹೋಗಿಲ್ಲ." ವಿಜಯಲಕ್ಷ್ಮಿ ಮತ್ತೆ ಕೊಡ ಎತ್ತಿಕೊಂಡಳು. "ನಿಮ್ಮದು ಊಟ ಆತೇನ್ರಿ?"

ಅಂದು ರಾತ್ರಿ ಮಾನಮ್ಮ ಹುಸೇನಪ್ಪನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಬಾಗಿಲಿನ ಸಂಗತಿ ಹೇಳಿದಳು. ಆಮೇಲೆ ಶಹಜಾದಿಯ ಮಾತನ್ನೂ ಹೇಳಿದಳು. ಅವನು ತಲೆ ತಗ್ಗಿಸಿ ಕೇಳಿದ. ಎದುರು ಮನೆಯ ದೀಪ ಉರಿಯುತ್ತಿತ್ತು.

"ಹೊರಸಿನ ಆ ಕಡಿ ಶಾಕಿರ್ ಹಿಡದಿದ್ದ," ಎಂದ. "ದಾರೀಲಿ 'ಅಬ್ಬಾ, ಅಬ್ಬಾ' ಅನ್ಕೋತ ಬಂದ. ನನಗ ಮೊದ್ಲೇ ಹೇಳಿದ್ರ ನಾನ ಕಂಬ ಕೀಳ್ತಿದ್ದೆ ಯವ್ವಾ."

"ಗೊತ್ತದ. ನನಗ ಹೇಳಾಕ ಆಗ್ಲಿಲ್ಲ."

ಮರುದಿನ ಅವನು ಆಟೋ ತೆಗೆಯುವಾಗ ಶಾಕಿರ್ ಬಾಗಿಲಲ್ಲಿ ಹಲ್ಲುಜ್ಜುತ್ತ ನಿಂತಿದ್ದ. "ಗಂಜಿಗೆ ಬರ್ತೀಯೇನು, ಬಿಡ್ತೀನಿ," ಎಂದು ಹುಸೇನಪ್ಪ ಕೇಳಿದ. ಶಾಕಿರ್ ಬಾಯಿ ಮುಕ್ಕಳಿಸಿ, ಅಂಗಿ ಹಾಕಿಕೊಂಡು ಬಂದು ಹಿಂದೆ ಕೂತ.

ನಾಗವೇಣಿ ಬಂದದ್ದು ಅದಾದ ಮೂರನೆಯ ದಿನ, ಯಾರಿಗೂ ತಿಳಿಸದೆ. ಒಂದು ಕೈಯಲ್ಲಿ ಸುಜಾತಾ, ಇನ್ನೊಂದು ಕೈಯಲ್ಲಿ ಮಾವಿನಹಣ್ಣಿನ ಚೀಲ. ಅತ್ತೆಯನ್ನೂ ಮಾವನನ್ನೂ ದಾಟಿ ನೇರವಾಗಿ ಶೇಖರನ ಕೋಣೆಗೆ ಹೋದಳು. ಬಾಗಿಲು ಮುಚ್ಚಿತ್ತು.

"ಅಕ್ಕಾ, ಬಾಗಿಲು ತೆಗಿ. ತಂಪು ಹೋದ್ರ ಹೋಗ್ಲಿ."

ಬಾಗಿಲು ತೆರೆಯಿತು. ವಿಜಯಲಕ್ಷ್ಮಿ ಅವಳನ್ನೂ ಚೀಲವನ್ನೂ ನೋಡಿದಳು.

"ಹಣ್ಣು ಕೆಳಗ ಇಡು ಮೊದಲು. ಕೈ ಕೆಂಪಗಾಗ್ಯಾವ."

"ನಾ ಅವತ್ತು ಏನೇನೋ ಅಂದೆ."

"ಅಂದಿ. ನಾ ಮರ್ತಿಲ್ಲ. ಇನ್ನೂ ಸ್ವಲ್ಪ ದಿನ ಮರೆಯಂಗಿಲ್ಲ." ವಿಜಯಲಕ್ಷ್ಮಿ ಸುಜಾತಾಳನ್ನು ಎತ್ತಿ ಸೊಂಟಕ್ಕೇರಿಸಿಕೊಂಡಳು. "ಬಾ ಒಳಗ. ಬಿಸಿಲಾಗಿಂದ ಬಂದೀರಿ."

ಅಂದು ಎಲ್ಲರೂ ಒಟ್ಟಿಗೆ ಉಣ್ಣಬೇಕೆಂದು ಯಾರೂ ಹೇಳಲಿಲ್ಲ, ಆದರೆ ನಾಗವೇಣಿ ರೊಟ್ಟಿ ಬಡಿಯಲು ಕೂತಾಗ ವಿಜಯಲಕ್ಷ್ಮಿ ತನ್ನ ಒಲೆ ಹೊತ್ತಿಸದೆ ಬದನೆಕಾಯಿ ಹೆಚ್ಚಲು ಅಡುಗೆಮನೆಗೇ ಬಂದಳು. ಕೂರುವುದೆಲ್ಲಿ ಎಂಬ ಮಾತು ಬಂತು. ಕೋಣೆಯಲ್ಲಿ ಎಂಟು ಜನ ಹಿಡಿಯುವುದಿಲ್ಲ. ಹೊರಗೆ ಈಗ ಬೈಕುಗಳು ಓಡಾಡುತ್ತವೆ.

"ಮಾಳಿಗಿ ಮ್ಯಾಲ ಕುಂದ್ರೋಣು," ಎಂದಳು ಮಾನಮ್ಮ. "ಹೊತ್ತು ಮುಣುಗ್ತು. ನೀರು ಹೊಡದ್ರ ಆರ್ತದ."

ವಿಶಾಖಾ ಕೊಡಗಟ್ಟಲೆ ನೀರು ಹೊತ್ತು ಮಾಳಿಗೆಗೆ ಸುರಿದಳು. ಶೇಖರ ಚಾಪೆ ಒಯ್ದ. ಬೋಗುಣಿಗಳು, ತಾಟುಗಳು ಕೈಯಿಂದ ಕೈಗೆ ಮೆಟ್ಟಿಲು ಹತ್ತಿದವು. ಕೊನೆಗೆ ತಾಯಣ್ಣ ಉಳಿದ. ಅವನ ಮೊಣಕಾಲು ಮೂರು ಮೆಟ್ಟಿಲಿಗೇ ಕೈಕೊಟ್ಟಿತು.

"ನೀವು ಉಣ್ರಿ. ನನಗ ಇಲ್ಲೇ ಕೊಡ್ರಿ."

"ಹತ್ತು ಯಪ್ಪಾ," ಎಂದು ಹುಸೇನಪ್ಪ ಬೆನ್ನು ಕೊಟ್ಟ. ಊರಿನವರ ಚೀಲಗಳನ್ನೆಲ್ಲ ಹೊತ್ತ ಮುದುಕ ಮಗನ ಬೆನ್ನೇರಿ ಕುತ್ತಿಗೆ ಬಿಗಿಹಿಡಿದ. ಹಿಂದಿನಿಂದ ಶೇಖರ ಆನಿಸಿ ಹಿಡಿದ.

"ನಿಧಾನ ಲೇ! ಗ್ವಾಡಿಗೆ ಮಂಡಿ ಬಡಿಯಾಕತ್ತದ!"

"ಸುಮ್ನ ಕುಂದ್ರು, ಅಲಗಾಡಬ್ಯಾಡ."

"ತಾತ ಅಂಬಾರಿ ಹತ್ಯಾನ!" ಎಂದು ಸುಜಾತಾ ಮೇಲಿನಿಂದ ಚಪ್ಪಾಳೆ ತಟ್ಟಿದಳು.

ಎಲ್ಲರೂ ಕೂತರು. ತಾಯಣ್ಣ ತೋಳಿನಿಂದ ಬೆವರು ಒರೆಸಿಕೊಂಡು ಮೇಲೆ ನೋಡಿದ. "ಇಷ್ಟು ವರ್ಷ ನೆತ್ತಿ ಮ್ಯಾಲ ನೀಲಿ ಅರಿವಿ ನೋಡ್ಕೋತ ಉಂಡೆ," ಅಂದ. ಇದು ಚೆನ್ನಾಗಿದೆ ಅಂದನೋ, ಅದೇ ಚೆನ್ನಾಗಿತ್ತು ಅಂದನೋ, ಯಾರಿಗೂ ತಿಳಿಯಲಿಲ್ಲ.

"ಮಳಿ ಬಂದ್ರ ಏನು ಮಾಡೋದು?" ವಿಶಾಖಾ ಕೇಳಿದಳು.

"ಮಳಿ ಬರೋದ್ರಾಗ ಹುಸೇನಪ್ಪಗೊಂದು ಮನಿ ನೋಡೋಣು," ಎಂದ ಶೇಖರ. "ಮಾನ್ವ್ಯಾಗಲ್ಲ, ಇಲ್ಲೇ ಪಕ್ಕದ ಓಣ್ಯಾಗ. ಇಲ್ಲಿ ಜಾಗ ಸಾಲಂಗಿಲ್ಲ ಅಂಬೋದು ಖರೆ." ಹುಸೇನಪ್ಪ ಅಣ್ಣನ ಕಡೆ ನೋಡಿ ತಲೆಯಾಡಿಸಿದ. ನಾಗವೇಣಿ ರೊಟ್ಟಿಯ ಬುಟ್ಟಿಯನ್ನು ಭಾವನ ಕಡೆ ಸರಿಸಿದಳು. ಮಗ ಬೇರೆ ಮನೆಗೆ ಹೋಗುವುದು ಮಾನಮ್ಮನಿಗೆ ಬೇಕಿರಲಿಲ್ಲ. ಆದರೂ ಅವಳು ತಡೆಯಲಿಲ್ಲ. ಗಂಡನ ಪಕ್ಕದಲ್ಲಿ ಕೂತು ಅವನ ತಾಟಿಗೆ ಎಣ್ಣೆಗಾಯಿ ಬಡಿಸಿದಳು, ಅದರ ಪಕ್ಕ ಚಟ್ನಿ ಇಟ್ಟಳು.

ಆಗಲೇ ಕೆಳಗಿನಿಂದ ದನಿ ಕೇಳಿಸಿತು.

"ಮಾನಮ್ಮಾ! ಮನಿ ಬಾಗಿಲು ತೆರದ ಅದ, ಎಲ್ಲಾರೂ ಎಲ್ಲಿ ಹೋದ್ರಿ?"

ಮಾನಮ್ಮ ಅಂಚಿಗೆ ಬಂದು ಬಗ್ಗಿ ನೋಡಿದಳು. ಶಹಜಾದಿ ಬೇಗಂ ಕೈಯಲ್ಲಿ ಮುಚ್ಚಿದ ಬಟ್ಟಲು ಹಿಡಿದು ಅಂಗಳದಲ್ಲಿ ನಿಂತಿದ್ದಳು.

"ಮ್ಯಾಲ ಬಾ!"

"ನನ್ನ ಕಾಲು ಬರಬೇಕಲ್ಲ ಬೇ?"

"ಹುಸೇನಪ್ಪ ಹೊತ್ಕೊಂಡು ಬರ್ತಾನ!" ಎಂದು ತಾಯಣ್ಣ ಕೂಗಿದ.

"ತೌಬಾ ತೌಬಾ!" ಎಂದು ಶಹಜಾದಿ ನಕ್ಕಳು. ಬಟ್ಟಲನ್ನು ಎದೆಗೊತ್ತಿಕೊಂಡು, ಇನ್ನೊಂದು ಕೈಯಿಂದ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಹತ್ತತೊಡಗಿದಳು. ಮಾನಮ್ಮ ಎದುರಿಗೆ ಇಳಿದು ಹೋಗಿ ಅವಳ ಕೈಯಿಂದ ಬಟ್ಟಲು ತೆಗೆದುಕೊಂಡಳು. ನಡುವೆ ಶಹಜಾದಿಗೆ ಏದುಸಿರು ಬಂತು. ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಕಿರಿದಾದ ಜಾಗದಲ್ಲಿ ಮಾನಮ್ಮನೂ ಒತ್ತಿಕೊಂಡು ಪಕ್ಕದಲ್ಲಿ ಕೂತಳು.

"ಎಷ್ಟು ದಿನ ಆತು ಬೇ, ಹಿಂಗ ಕುಂತು," ಅಂದಳು ಶಹಜಾದಿ.

"ಯಾರು ಬರಬ್ಯಾಡ ಅಂದಿದ್ರು ನಿನಗ?"

ಮಾಳಿಗೆಯಿಂದ ತಾಯಣ್ಣನ ದನಿ ಬಂತು, "ಏ, ರೊಟ್ಟಿ ಆರಾಕತ್ತಾವ!"

"ಆರ್ಲಿ ಬಿಡು," ಅಂದಳು ಮಾನಮ್ಮ.